ರೇಂಜ್‌ಫೈಂಡರ್ ಕ್ಯಾಮೆರಾಗೆ ಮಂದ ಬೆಳಕಿನ ಲೆನ್ಸ್ ಆಯ್ಕೆ: ಒಂದು ಸಮಗ್ರ ಮಾರ್ಗದರ್ಶಿ

ಮಂದ ಬೆಳಕಿನಲ್ಲಿ ಚಿತ್ರ ತೆಗೆಯುವವರಿಗೆ ರೇಂಜ್‌ಫೈಂಡರ್ ಕ್ಯಾಮೆರಾದಿಂದ (ಎರಡು ಬಿಂಬಗಳನ್ನು ಕೂಡಿಸಿ ದೂರ ಅಳೆದು ಫೋಕಸ್ ಮಾಡುವ ಕ್ಯಾಮೆರಾ) ಎರಡು ಅನುಕೂಲಗಳಿವೆ. ಒಳಗೆ ಮೇಲಕ್ಕೆ ಹಾರುವ ಕನ್ನಡಿ ಇಲ್ಲದ ಕಾರಣ ಷಟರ್ ಒತ್ತಿದಾಗ ಕ್ಯಾಮೆರಾ ಅಷ್ಟಾಗಿ ಅದುರುವುದಿಲ್ಲ. ಹಾಗಾಗಿ ನಿಧಾನವಾದ ಷಟರ್ ವೇಗದಲ್ಲೂ ಕೈಯಲ್ಲಿ ಹಿಡಿದೇ ಚಿತ್ರ ತೆಗೆಯಬಹುದು. ವ್ಯೂಫೈಂಡರ್ ಲೆನ್ಸ್‌ನ ಮೂಲಕ ನೋಡದೆ ತನ್ನದೇ ಕಿಟಕಿಯಿಂದ ನೋಡುವುದರಿಂದ, ಹಾಕಿದ ಲೆನ್ಸ್ ಎಫ್/4 ಆಗಿರಲಿ ಎಫ್/1 ಆಗಿರಲಿ (ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಒಳಬಿಡುವ ಬೆಳಕು ಹೆಚ್ಚು), ಕಣ್ಣಿಗೆ ಕಾಣುವ ನೋಟ ಅಷ್ಟೇ ಬೆಳಕಾಗಿರುತ್ತದೆ. ಆದರೆ ಇದೇ ಎರಡನೆಯ ಅನುಕೂಲದ ಬೆನ್ನಿಗೆ ಒಂದು ತೊಡಕೂ ಇದೆ. ಲೆನ್ಸ್ ಏನನ್ನು ಕಾಣುತ್ತಿದೆ, ಫೋಕಸ್ ಎಲ್ಲಿ ಕೂತಿದೆ ಎಂಬುದನ್ನು ನೀವು ನೇರವಾಗಿ ನೋಡುವುದಿಲ್ಲ. ಸನ್ನೆ, ಉರುಳೆ ಮತ್ತು ಪಟ್ಟಕಗಳ ಒಂದು ಯಾಂತ್ರಿಕ ವ್ಯವಸ್ಥೆ ಹೇಳಿದ್ದನ್ನು ನಂಬಬೇಕಾಗುತ್ತದೆ.

ಆದ್ದರಿಂದ ಇಲ್ಲಿ ಲೆನ್ಸ್ ಆರಿಸುವ ಕ್ರಮ ಬೇರೆ ಕ್ಯಾಮೆರಾಗಳಿಗಿಂತ ಭಿನ್ನ. ಲೆನ್ಸ್ ಎಷ್ಟು ಬೆಳಕು ತರುತ್ತದೆ ಎಂಬುದಕ್ಕಿಂತ ಮೊದಲು, ಅದನ್ನು ನಿಮ್ಮ ಕ್ಯಾಮೆರಾ ಭರವಸೆಯಿಂದ ಫೋಕಸ್ ಮಾಡಬಲ್ಲದೇ ಎಂದು ಕೇಳಬೇಕು. ಕೆಳಗಿನ ಹಂತಗಳನ್ನು ಆ ದೃಷ್ಟಿಯಿಂದಲೇ ಜೋಡಿಸಿದ್ದೇನೆ.

ಹಂತ 1: ನಿಮ್ಮ ಬೆಳಕನ್ನು ಮೊದಲು ಅಳೆಯಿರಿ

ಲೆನ್ಸ್‌ಗಳ ಪಟ್ಟಿಯನ್ನು ತೆರೆಯುವ ಮುನ್ನ, ನೀವು ನಿಜವಾಗಿ ಚಿತ್ರ ತೆಗೆಯುವ ಜಾಗಗಳಲ್ಲಿ ಬೆಳಕು ಅಳೆಯುವ ಮೀಟರ್ ಹಿಡಿದು ಓದಿಕೊಳ್ಳಿ. ಮಂದ ಬೆಳಕು ಎಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳಿದರೂ ಅದರೊಳಗೆ ದೊಡ್ಡ ಅಂತರಗಳಿವೆ. ಐಎಸ್‌ಒ ಎಂದರೆ ಫಿಲ್ಮ್ ಅಥವಾ ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಸಂಖ್ಯೆ; ಇವಿ ಎಂದರೆ ಬೆಳಕಿನ ಮಟ್ಟದ ಸಂಖ್ಯೆ, ಅದು ಒಂದು ಏರಿದರೆ ಬೆಳಕು ಎರಡರಷ್ಟು. ಐಎಸ್‌ಒ 100ರ ಅಳತೆಯಲ್ಲಿ ಹೇಳುವುದಾದರೆ, ಅಂಗಡಿಗಳ ದೀಪ ಬೀಳುವ ಬೀದಿ ಇವಿ 7 ಅಥವಾ 8ರ ಆಸುಪಾಸಿನಲ್ಲಿರುತ್ತದೆ. ಮನೆಯೊಳಗಿನ ರಾತ್ರಿಯ ದೀಪದ ಬೆಳಕು ಇವಿ 5ರಿಂದ 7ರವರೆಗೆ ಇರುತ್ತದೆ. ಮೇಣದ ಬತ್ತಿಯ ಹತ್ತಿರ ಕುಳಿತವರ ಮುಖಕ್ಕೆ ಇವಿ 3 ಅಥವಾ 4 ಸಿಕ್ಕರೆ ಅದೇ ಹೆಚ್ಚು.

ಈಗ ಇವಿ 5ರ ಕೋಣೆಯೊಂದನ್ನು ತೆಗೆದುಕೊಳ್ಳೋಣ. ಐಎಸ್‌ಒ 400ರಲ್ಲಿ ಎಫ್/2ಕ್ಕೆ 1/30 ಸೆಕೆಂಡ್, ಎಫ್/1.4ಕ್ಕೆ 1/60, ಎಫ್/1ಕ್ಕೆ 1/125 ಷಟರ್ ಸಿಗುತ್ತದೆ. ಇವಿ 3ರ ಮೇಣದ ಬತ್ತಿಯ ಬೆಳಕಿಗೆ ಹೋಗಿ ಐಎಸ್‌ಒವನ್ನು 1600ಕ್ಕೆ ಏರಿಸಿದರೆ ಮತ್ತೆ ಇದೇ ಮೂರು ವೇಗಗಳು ಸಿಗುತ್ತವೆ. ಎಂದರೆ, ಫಿಲ್ಮನ್ನು 400ರಿಂದ 1600ಕ್ಕೆ ಪುಷ್ ಮಾಡುವುದು (1600 ಎಂದೇ ಎಣಿಸಿ ಚಿತ್ರ ತೆಗೆದು, ಹೆಚ್ಚು ಹೊತ್ತು ಡೆವಲಪ್ ಮಾಡುವುದು), ಅಥವಾ ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್‌ಒ ಗುಂಡಿಯನ್ನು ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಎರಡರಷ್ಟು) ತಿರುಗಿಸುವುದು, ಎಫ್/2 ಲೆನ್ಸ್ ಬಿಟ್ಟು ಎಫ್/1 ಲೆನ್ಸ್ ಕೊಳ್ಳುವುದಕ್ಕೆ ಬೆಳಕಿನ ಲೆಕ್ಕದಲ್ಲಿ ಸಮ. ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಮತ್ತು ಕೊಡಾಕ್ ಟ್ರೈ-ಎಕ್ಸ್ 400 ಎರಡೂ 1600ಕ್ಕೆ ಪುಷ್ ಮಾಡಿದಾಗ ಕಾಳು ದಪ್ಪವಾಗಿ ನೆರಳಿನ ವಿವರ ಕಡಿಮೆಯಾದರೂ ಒಪ್ಪುವಂಥ ಚಿತ್ರವನ್ನೇ ಕೊಡುತ್ತವೆ. ಡಿಜಿಟಲ್ ರೇಂಜ್‌ಫೈಂಡರ್ ಇರುವವರಿಗಂತೂ, ಈಚಿನ ಸೆನ್ಸರ್‌ಗಳಲ್ಲಿ ಐಎಸ್‌ಒ 3200 ಅಂಜಬೇಕಾದ ಸಂಖ್ಯೆಯಲ್ಲ. ವರ್ಣ ಫಿಲ್ಮ್ ಬಳಸುವವರ ಕಥೆ ಮಾತ್ರ ಬೇರೆ. 800ರ ಮೇಲೆ ಅವರಿಗೆ ಆಯ್ಕೆಗಳು ಬಹಳ ಕಡಿಮೆ ಇರುವುದರಿಂದ ದೊಡ್ಡ ಅಪರ್ಚರ್‌ನ (ಲೆನ್ಸ್‌ನಲ್ಲಿ ಬೆಳಕು ಒಳಬರುವ ರಂಧ್ರ) ಅಗತ್ಯ ಅವರಿಗೇ ಹೆಚ್ಚು.

ಓದಿಕೊಳ್ಳುವಾಗ ಒಂದು ಎಚ್ಚರಿಕೆ. ಮೀಟರ್‌ನ ಕಣ್ಣಿಗೆ ನೇರವಾಗಿ ದೀಪವೊಂದು ಬಿದ್ದರೆ ಅದು ಬೆಳಕು ಧಾರಾಳವಾಗಿದೆ ಎಂದು ತಿಳಿದು ಮೋಸಹೋಗುತ್ತದೆ. ದೀಪವನ್ನು ಚೌಕಟ್ಟಿನಿಂದ ಹೊರಗಿಟ್ಟು, ಮುಖದ ಮೇಲೆ ಬಿದ್ದ ಬೆಳಕನ್ನೇ ಓದಿ. ಹೀಗೆ ಬರೆದಿಟ್ಟುಕೊಂಡ ಓದುಗಳಲ್ಲಿ ಬಹುಪಾಲು ಇವಿ 6ರ ಮೇಲಿದ್ದರೆ, ಎಫ್/2 ಲೆನ್ಸೇ ನಿಮಗೆ ಸಾಕಾಗುವ ಸಾಧ್ಯತೆ ದೊಡ್ಡದು.

ಹಂತ 2: ಸ್ಟಾಪ್‌ಗಳ ಲೆಕ್ಕವನ್ನು ಮರುಳಾಗದೆ ಮಾಡಿ

ಎಫ್-ಸಂಖ್ಯೆ ಎಂದರೆ ಫೋಕಲ್ ಲೆಂತ್ (ಲೆನ್ಸ್‌ನ ಮಿ.ಮೀ. ಅಳತೆ; ದೊಡ್ಡದಾದಷ್ಟೂ ನೋಟ ಕಿರಿದು) ಅನ್ನು ಅಪರ್ಚರ್‌ನ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. ಬೆಳಕಿನ ಪ್ರಮಾಣ ಅದರ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ಎಫ್/2ರಿಂದ ಎಫ್/1.4ಕ್ಕೆ ಬೆಳಕು ಎರಡರಷ್ಟು, ಎಫ್/1.4ರಿಂದ ಎಫ್/1ಕ್ಕೆ ಮತ್ತೆ ಎರಡರಷ್ಟು. ಇವು ಪೂರ್ತಿ ಸ್ಟಾಪ್‌ಗಳು. ಆದರೆ ಎಫ್/1.4ರಿಂದ ಎಫ್/1.2ಕ್ಕೆ ಸಿಗುವುದು ಸುಮಾರು ಅರ್ಧ ಸ್ಟಾಪ್ ಮಾತ್ರ. ಎಫ್/1.5ಕ್ಕೂ ಎಫ್/1.4ಕ್ಕೂ, ಎಫ್/1ಕ್ಕೂ ಎಫ್/0.95ಕ್ಕೂ ಇರುವ ಅಂತರ ಸ್ಟಾಪ್‌ನ ಆರನೆಯ ಒಂದು ಭಾಗದಷ್ಟು. ಲೆನ್ಸ್‌ನ ಮೇಲೆ ಕೆತ್ತಿದ ಸಂಖ್ಯೆಯಲ್ಲಿ ಕಾಣುವ ಈ ಅಂತರ ಚಿತ್ರದಲ್ಲಿ ಕಾಣುವುದಿಲ್ಲ.

ಅಷ್ಟಲ್ಲದೆ, ಈ ಹೆಚ್ಚುವರಿ ಬೆಳಕು ಚೌಕಟ್ಟಿನ ಎಲ್ಲ ಕಡೆಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಎಫ್/1ರ ಆಸುಪಾಸಿನ ಲೆನ್ಸ್‌ಗಳು ಪೂರ್ತಿ ತೆರೆದಾಗ ಮೂಲೆಗಳಲ್ಲಿ ಬೆಳಕು ಎರಡು ಸ್ಟಾಪ್‌ಗೂ ಹೆಚ್ಚು ಇಳಿಯುವುದು ಸಾಮಾನ್ಯ. ಮಧ್ಯದಲ್ಲಿ ಗಳಿಸಿದ್ದನ್ನು ಅಂಚಿನಲ್ಲಿ ಕಳೆದುಕೊಂಡಂತೆ. ಮುಖವನ್ನು ಮಧ್ಯದಲ್ಲಿಟ್ಟು ತೆಗೆಯುವವರಿಗೆ ಇದು ಸಮಸ್ಯೆಯಲ್ಲ, ಎಷ್ಟೋ ಸಲ ಚೆನ್ನಾಗಿಯೇ ಕಾಣುತ್ತದೆ. ಇಡೀ ಕೋಣೆಯನ್ನು ತೋರಿಸಬೇಕೆನ್ನುವವರಿಗೆ ಮಾತ್ರ ಎಫ್/1 ಲೆನ್ಸ್ ಕೊಡುವ ಲಾಭ ಕಾಗದದ ಮೇಲಿನ ಲಾಭ.

ಹಂತ 3: ನಿಮ್ಮ ಕ್ಯಾಮೆರಾದ ಫೋಕಸ್ ಸಾಮರ್ಥ್ಯವನ್ನು ತಿಳಿಯಿರಿ

ಈ ಬರಹದ ಮುಖ್ಯ ಹಂತ ಇದು. ಲೆನ್ಸ್ ಕೊಳ್ಳುವವರು ಹೆಚ್ಚಾಗಿ ದಾಟಿಹೋಗುವ ಹಂತವೂ ಇದೇ.

ರೇಂಜ್‌ಫೈಂಡರ್ ದೂರವನ್ನು ಅಳೆಯುವುದು ಎರಡು ಕಿಟಕಿಗಳಿಂದ ಕಂಡ ಎರಡು ಬಿಂಬಗಳನ್ನು ಒಂದರ ಮೇಲೊಂದು ಕೂರಿಸುವ ಮೂಲಕ. ಆ ಎರಡು ಕಿಟಕಿಗಳ ನಡುವಿನ ಅಂತರವೇ ಬೇಸ್ ಲೆಂತ್. ಅಂತರ ಹೆಚ್ಚಿದ್ದಷ್ಟೂ ಅಳತೆ ಸೂಕ್ಷ್ಮವಾಗುತ್ತದೆ. ಆದರೆ ವ್ಯೂಫೈಂಡರ್ ಬಿಂಬವನ್ನು ಕುಗ್ಗಿಸಿ ತೋರಿಸಿದರೆ ಆ ಸೂಕ್ಷ್ಮತೆಯೂ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಆದ್ದರಿಂದ ಬೇಸ್ ಲೆಂತ್ ಅನ್ನು ವ್ಯೂಫೈಂಡರ್‌ನ ವರ್ಧನೆಯಿಂದ ಗುಣಿಸಬೇಕು; ಬರುವ ಸಂಖ್ಯೆಯನ್ನು ಪರಿಣಾಮಕಾರಿ ಬೇಸ್ ಲೆಂತ್ ಎನ್ನುತ್ತಾರೆ.

1954ರ ಲೈಕಾ ಎಂ3 ಕ್ಯಾಮೆರಾದ ವರ್ಧನೆ 0.91, ಅದರ ಪರಿಣಾಮಕಾರಿ ಬೇಸ್ ಲೆಂತ್ ಸುಮಾರು 62 ಮಿ.ಮೀ. 0.72 ವರ್ಧನೆಯ ಎಂ6ರಲ್ಲಿ ಅದು ಸುಮಾರು 50 ಮಿ.ಮೀ., 0.68 ವರ್ಧನೆಯ ಡಿಜಿಟಲ್ ಎಂ9ರಲ್ಲಿ ಸುಮಾರು 47 ಮಿ.ಮೀ. 2005ರಲ್ಲಿ ಬಂದ ಝೈಸ್ ಇಕಾನ್ ಕ್ಯಾಮೆರಾದ ಕಿಟಕಿಗಳ ಅಂತರವೇ 75 ಮಿ.ಮೀ. ಇದ್ದುದರಿಂದ, ವರ್ಧನೆ 0.74 ಆಗಿದ್ದರೂ ಅದು 55 ಮಿ.ಮೀ. ದಾಟುತ್ತದೆ. ಕೊನಿಕಾ ಹೆಕ್ಸಾರ್ ಆರ್‌ಎಫ್ ಸುಮಾರು 41. ಫೋಕ್ಟ್‌ಲೆಂಡರ್ ಬೆಸ್ಸಾ ಸರಣಿಯ ಕಿಟಕಿಗಳ ಅಂತರ 37 ಮಿ.ಮೀ. ಮಾತ್ರ, 0.7 ವರ್ಧನೆಯ ಆರ್2ಎ ಕ್ಯಾಮೆರಾದಲ್ಲಿ ಪರಿಣಾಮಕಾರಿ ಅಳತೆ ಸುಮಾರು 26, ವರ್ಧನೆ 1.0 ಇರುವ ಆರ್3ಎ ಕ್ಯಾಮೆರಾದಲ್ಲಿ 37, ವೈಡ್ ಲೆನ್ಸ್‌ಗಳಿಗೆಂದೇ ಮಾಡಿದ ಆರ್4ಎ ಕ್ಯಾಮೆರಾದಲ್ಲಿ ಸುಮಾರು 19. ಪುಟ್ಟ ಲೈಕಾ ಸಿಎಲ್ ಕೂಡ 19ರ ಹತ್ತಿರವೇ ನಿಲ್ಲುತ್ತದೆ.

ಇನ್ನು ಲೆನ್ಸ್ ಎಷ್ಟು ಸೂಕ್ಷ್ಮತೆಯನ್ನು ಕೇಳುತ್ತದೆ? ಇದಕ್ಕೆ ಒಂದು ಸುಲಭ ಲೆಕ್ಕವಿದೆ. ಫೋಕಲ್ ಲೆಂತ್‌ನ ವರ್ಗವನ್ನು ಎಫ್-ಸಂಖ್ಯೆಯಿಂದ ಭಾಗಿಸಿ. 35 ಮಿ.ಮೀ. ಎಫ್/1.4ಕ್ಕೆ 875 ಬರುತ್ತದೆ; 50 ಮಿ.ಮೀ. ಎಫ್/2ಕ್ಕೆ 1250, 50 ಮಿ.ಮೀ. ಎಫ್/1.4ಕ್ಕೆ ಸುಮಾರು 1790, 50 ಮಿ.ಮೀ. ಎಫ್/1ಕ್ಕೆ 2500, 75 ಮಿ.ಮೀ. ಎಫ್/1.4ಕ್ಕೆ ಸುಮಾರು 4020, 90 ಮಿ.ಮೀ. ಎಫ್/2ಕ್ಕೆ 4050. ಸಂಖ್ಯೆ ದೊಡ್ಡದಾದಷ್ಟೂ ಕ್ಯಾಮೆರಾದ ಮೇಲಿನ ಬೇಡಿಕೆ ದೊಡ್ಡದು. ಅತ್ಯಂತ ಕಷ್ಟದ್ದೆಂದು ಹೆಸರಾದ 50 ಮಿ.ಮೀ. ಎಫ್/1 ಲೆನ್ಸ್‌ಗಿಂತ 75 ಮಿ.ಮೀ. ಎಫ್/1.4 ಲೆನ್ಸ್ ಹೆಚ್ಚು ಕಷ್ಟದ್ದು ಎಂಬುದು ಈ ಲೆಕ್ಕದಲ್ಲಿ ಎದ್ದುಕಾಣುತ್ತದೆ.

ಈ ಬೇಡಿಕೆಯ ಸಂಖ್ಯೆಯನ್ನು ನೂರರಿಂದ ಭಾಗಿಸಿದರೆ, ಕಣ್ಣು ಚುರುಕಾಗಿದ್ದು ಯಂತ್ರ ಸರಿಯಾಗಿದ್ದಾಗ ಬೇಕಾಗುವ ಕನಿಷ್ಠ ಬೇಸ್ ಲೆಂತ್ ಮಿಲಿಮೀಟರ್‌ಗಳಲ್ಲಿ ಹೆಚ್ಚುಕಡಿಮೆ ಸಿಗುತ್ತದೆ. ಮಂದ ಬೆಳಕಿನಲ್ಲಿ ಕಣ್ಣು ಅಷ್ಟು ಚುರುಕಾಗಿರುವುದಿಲ್ಲ, ಎದುರಿನವರು ಅಲುಗದೆ ಕೂರುವುದಿಲ್ಲ. ಆದ್ದರಿಂದ ಅದರ ಒಂದೂವರೆ ಪಟ್ಟಾದರೂ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಈ ಅಳತೆಗೋಲಿನಲ್ಲಿ ಆರ್2ಎ ಕ್ಯಾಮೆರಾಗೆ 35 ಮಿ.ಮೀ. ಎಫ್/1.4 ನಿರಾತಂಕವಾಗಿ ಸಲ್ಲುತ್ತದೆ, 50 ಮಿ.ಮೀ. ಎಫ್/1.4 ಅಂಚಿನಲ್ಲಿ ನಿಲ್ಲುತ್ತದೆ, ಎಫ್/1.1 ಬೇಡವೇ ಬೇಡ. ಎಂ6 ಅಥವಾ ಎಂ9ಕ್ಕೆ 50 ಮಿ.ಮೀ. ಎಫ್/1 ಸಾಧ್ಯ, ಆದರೆ 75 ಮಿ.ಮೀ. ಎಫ್/1.4 ಪೂರ್ತಿ ತೆರೆದಾಗ ಹಲವು ಚಿತ್ರಗಳು ಕೈತಪ್ಪುತ್ತವೆ. ಎಂ3 ಮಾತ್ರ ಅದನ್ನೂ ನಿಭಾಯಿಸುತ್ತದೆ. ಅದರ ವ್ಯೂಫೈಂಡರ್‌ನಲ್ಲಿ 75ರ ಚೌಕಟ್ಟು ಇಲ್ಲ ಎನ್ನುವುದೊಂದು ವಿಪರ್ಯಾಸ.

ಕಣ್ಣಿನ ಕಡೆಯ ಗಾಜಿಗೆ ತಿರುಗಿಸಿ ಹಾಕುವ 1.25 ಪಟ್ಟಿನ ವರ್ಧಕವೊಂದನ್ನು ಸೇರಿಸಿದರೆ 50 ಮಿ.ಮೀ. ಇದ್ದ ಬೇಸ್ ಲೆಂತ್ 62ಕ್ಕೆ ಏರುತ್ತದೆ. ಹೊಸ ಕ್ಯಾಮೆರಾ ಕೊಳ್ಳುವುದಕ್ಕಿಂತ ಇದು ಎಷ್ಟೋ ಸುಲಭದ ದಾರಿ, ಆದರೆ 28 ಮಿ.ಮೀ. ಚೌಕಟ್ಟು ಆಗ ಕಣ್ಣಿಗೆ ಪೂರ್ತಿ ಕಾಣುವುದಿಲ್ಲ. ಲೈಕಾ ಎಂ ಟೈಪ್ 240ರಿಂದ ಈಚೆಗೆ ಬಂದ ಹಲವು ಡಿಜಿಟಲ್ ಎಂ ಕ್ಯಾಮೆರಾಗಳಲ್ಲಿ ಲೈವ್ ವ್ಯೂ (ಲೆನ್ಸ್ ಕಾಣುವುದನ್ನೇ ಪರದೆಯ ಮೇಲೆ ತೋರಿಸುವ ವ್ಯವಸ್ಥೆ) ಇರುವುದರಿಂದ ಬೇಸ್ ಲೆಂತ್‌ನ ಮಿತಿಯನ್ನು ದಾಟಲು ಸಾಧ್ಯ. ಆದರೆ ಪ್ರತಿ ಚಿತ್ರಕ್ಕೂ ಪರದೆ ನೋಡಿ ಫೋಕಸ್ ಮಾಡುವುದಾದರೆ ರೇಂಜ್‌ಫೈಂಡರ್ ಏಕೆ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಹಂತ 4: ಫೋಕಲ್ ಲೆಂತ್ ಅನ್ನು ಅಪರ್ಚರ್‌ಗಿಂತ ಮೊದಲು ನಿರ್ಧರಿಸಿ

ಮಂದ ಬೆಳಕು ಎಂದ ಕೂಡಲೇ ಎಲ್ಲರೂ 50 ಮಿ.ಮೀ. ಲೆನ್ಸ್‌ಗಳ ಕಡೆ ಓಡುತ್ತಾರೆ, ಏಕೆಂದರೆ ಅತಿ ದೊಡ್ಡ ಅಪರ್ಚರ್‌ಗಳು ಅಲ್ಲಿಯೇ ಇವೆ. ಆದರೆ ಈ ಎರಡನ್ನು ಹೋಲಿಸಿ ನೋಡಿ: 50 ಮಿ.ಮೀ. ಎಫ್/1.4 ಮತ್ತು 28 ಮಿ.ಮೀ. ಎಫ್/2. ಎರಡನೆಯದು ಒಂದು ಸ್ಟಾಪ್ ಹಿಂದಿದೆ. ಆದರೆ ಕೈ ನಡುಗಿನ ಪರಿಣಾಮ ಫೋಕಲ್ ಲೆಂತ್‌ಗೆ ತಕ್ಕಂತೆ ಇರುವುದರಿಂದ, 50ರಲ್ಲಿ 1/60 ಸೆಕೆಂಡಿಗೆ ಚಿತ್ರ ತೆಗೆಯುವವರು 28ರಲ್ಲಿ 1/30ಕ್ಕೆ ಅಷ್ಟೇ ಧೈರ್ಯದಿಂದ ತೆಗೆಯಬಹುದು. ಹಾಗಾಗಿ ಅಲುಗದ ವಸ್ತುವಿನ ಮಟ್ಟಿಗೆ ಎರಡೂ ಸಮ. ಇನ್ನು ಡೆಪ್ತ್ ಆಫ್ ಫೀಲ್ಡ್ ನೋಡಿದರೆ, ಒಂದೂವರೆ ಮೀಟರ್ ದೂರದಲ್ಲಿ 50 ಮಿ.ಮೀ. ಎಫ್/1.4ಕ್ಕೆ ಸ್ಪಷ್ಟವಾಗಿ ಕಾಣುವ ವಲಯ ಸುಮಾರು 7 ಸೆಂ.ಮೀ.; 28 ಮಿ.ಮೀ. ಎಫ್/2ಕ್ಕೆ ಸುಮಾರು 34 ಸೆಂ.ಮೀ. ಒಂದು ಮೇಜಿನ ಸುತ್ತ ಕುಳಿತ ಇಬ್ಬರನ್ನು ಒಟ್ಟಿಗೆ ಸ್ಪಷ್ಟವಾಗಿ ಹಿಡಿಯಬೇಕಾದಾಗ ಈ ವ್ಯತ್ಯಾಸವೇ ಚಿತ್ರವನ್ನು ಉಳಿಸುತ್ತದೆ.

ಎದುರಿನ ವಸ್ತುವೇ ಚಲಿಸುತ್ತಿದ್ದರೆ ಮಾತ್ರ ಈ ಸಮತೆ ನಿಲ್ಲುವುದಿಲ್ಲ. ಮಾತನಾಡುತ್ತ ಕೈಯಾಡಿಸುವವರನ್ನು, ವೇದಿಕೆಯ ಮೇಲೆ ನರ್ತಿಸುವವರನ್ನು ಹಿಡಿಯಲು 1/125 ಅಥವಾ ಇನ್ನೂ ವೇಗದ ಷಟರ್ ಬೇಕು, ಕೈ ಎಷ್ಟೇ ಗಟ್ಟಿಯಾಗಿದ್ದರೂ ಅದರಿಂದ ಉಪಯೋಗವಿಲ್ಲ. ಅಲ್ಲಿ ದೊಡ್ಡ ಅಪರ್ಚರ್ ನಿಜಕ್ಕೂ ಬೇಕಾಗುತ್ತದೆ.

ಈ ಎರಡರ ನಡುವೆ ನಿಲ್ಲುವುದು 35 ಮಿ.ಮೀ. ಒಂದೇ ಲೆನ್ಸ್ ಕೊಳ್ಳುವುದಾದರೆ ನಾನು ಹೇಳುವುದು 35 ಮಿ.ಮೀ. ಎಫ್/1.4 ಅನ್ನೇ. ಒಂದು ಮೀಟರ್‌ನಲ್ಲಿ ಅದರ ಸ್ಪಷ್ಟ ವಲಯ ಸುಮಾರು 6.6 ಸೆಂ.ಮೀ.; ಅದೇ ದೂರದಲ್ಲಿ 50 ಮಿ.ಮೀ. ಎಫ್/1.4ಕ್ಕೆ ಸಿಗುವುದು ಸುಮಾರು 3.2 ಸೆಂ.ಮೀ., 75 ಮಿ.ಮೀ. ಎಫ್/1.4ಕ್ಕೆ 1.4 ಸೆಂ.ಮೀ. ಮಾತ್ರ.

ಹಂತ 5: ಅಪರ್ಚರ್ ವರ್ಗಗಳನ್ನು ಪರಿಚಯಿಸಿಕೊಳ್ಳಿ

ಎಫ್/2 ಲೆನ್ಸ್‌ಗಳಲ್ಲಿ ಲೈಕಾದ ಸಮ್ಮಿಕ್ರಾನ್, ಝೈಸ್‌ನ ಪ್ಲಾನಾರ್ ಮತ್ತು ಬಯೊಗಾನ್, ಫೋಕ್ಟ್‌ಲೆಂಡರ್‌ನ ಅಲ್ಟ್ರಾನ್ ಹೆಸರುಗಳು ಕಾಣಸಿಗುತ್ತವೆ. ಪೂರ್ತಿ ತೆರೆದಾಗಲೂ ಚುರುಕಾದ ಬಿಂಬ, ಕಡಿಮೆ ತೂಕ, ಫೋಕಸ್‌ನಲ್ಲಿ ಸ್ವಲ್ಪ ತಪ್ಪಿದರೂ ಕ್ಷಮಿಸುವ ಗುಣ ಇವುಗಳದ್ದು. ಡಿಜಿಟಲ್ ಕ್ಯಾಮೆರಾ ಇರುವ ಬಹುಪಾಲು ಜನರಿಗೆ ಇಲ್ಲಿಂದ ಮುಂದೆ ಹೋಗುವ ಅಗತ್ಯವೇ ಇಲ್ಲ.

ಎಫ್/1.4 ಮತ್ತು ಎಫ್/1.5 ವರ್ಗ ರೇಂಜ್‌ಫೈಂಡರ್ ಲೋಕದ ಹಳೆಯ ಬಲ. ಲುಡ್ವಿಗ್ ಬರ್ಟೆಲೆ 1930ರ ದಶಕದ ಆರಂಭದಲ್ಲಿ ಝೈಸ್‌ಗಾಗಿ ರೂಪಿಸಿದ 50 ಮಿ.ಮೀ. ಎಫ್/1.5 ಸೊನಾರ್ ಈ ದಾರಿಯನ್ನು ತೆರೆಯಿತು. ಲೆನ್ಸ್ ಗಾಜುಗಳಿಗೆ ಕೋಟಿಂಗ್ ಇಲ್ಲದ ಆ ಕಾಲದಲ್ಲಿ ಗಾಳಿಗೂ ಗಾಜಿಗೂ ನಡುವಿನ ಪ್ರತಿ ಮೇಲ್ಮೈಯೂ ಬೆಳಕನ್ನು ಪ್ರತಿಫಲಿಸಿ ಹಾಳುಮಾಡುತ್ತಿತ್ತು. ಸೊನಾರ್ ಗಾಜುಗಳನ್ನು ಅಂಟಿಸಿ ಗುಂಪು ಮಾಡಿ ಅಂಥ ಮೇಲ್ಮೈಗಳನ್ನು ಆರಕ್ಕೆ ಇಳಿಸಿತು. ಲೈಕಾದ 50 ಮಿ.ಮೀ. ಸಮ್ಮಿಲಕ್ಸ್ ಬಂದದ್ದು 1959ರಲ್ಲಿ. 2004ರ ಆಸ್ಫೆರಿಕ್ (ಗೋಳಾಕಾರವಲ್ಲದ ಮೇಲ್ಮೈಯ ಗಾಜಿರುವ) ಆವೃತ್ತಿ ಸುಮಾರು 335 ಗ್ರಾಂ ತೂಗುತ್ತದೆ, ಎಫ್/1.4ರಲ್ಲೇ ಅಂಚಿನವರೆಗೆ ಚೊಕ್ಕವಾಗಿ ಬಿಡಿಸುತ್ತದೆ. ಫೋಕ್ಟ್‌ಲೆಂಡರ್‌ನ ನೊಕ್ಟಾನ್ ಹೆಸರಿನ 35, 40 ಮತ್ತು 50 ಮಿ.ಮೀ. ಲೆನ್ಸ್‌ಗಳು ಇದೇ ವರ್ಗದಲ್ಲಿ ಕೈಗೆಟುಕುವ ಆಯ್ಕೆಗಳು.

ಎಫ್/1.2 ಮತ್ತು ಅದಕ್ಕಿಂತ ದೊಡ್ಡ ಅಪರ್ಚರ್‌ಗಳಿಗೂ ದೀರ್ಘ ಇತಿಹಾಸವಿದೆ. 1950ರ ದಶಕದಲ್ಲಿ ಜಪಾನಿನ ಝುನೊ ಮತ್ತು ನಿಕಾನ್ ಸಂಸ್ಥೆಗಳು 50 ಮಿ.ಮೀ. ಎಫ್/1.1 ಲೆನ್ಸ್‌ಗಳನ್ನು ತಂದವು. 1961ರಲ್ಲಿ ಕ್ಯಾನನ್ ತನ್ನ ಕ್ಯಾನನ್ 7 ಕ್ಯಾಮೆರಾದ ಜೊತೆ 50 ಮಿ.ಮೀ. ಎಫ್/0.95 ಬಿಡುಗಡೆ ಮಾಡಿತು; ಅದನ್ನು ಎಂ ಮೌಂಟ್‌ನ (ಲೈಕಾ ಎಂ ಸರಣಿಯ ಲೆನ್ಸ್ ಜೋಡಣೆಯ) ಕ್ಯಾಮೆರಾಗೆ ಹಾಕಬೇಕಾದರೆ ಲೆನ್ಸನ್ನೇ ಮಾರ್ಪಡಿಸಬೇಕು. ಲೈಕಾದ ಮೊದಲ ನೊಕ್ಟಿಲಕ್ಸ್ 1966ರ ಎಫ್/1.2, ಅದರ ಎರಡು ಆಸ್ಫೆರಿಕ್ ಮೇಲ್ಮೈಗಳನ್ನು ಕೈಯಿಂದಲೇ ಉಜ್ಜಿ ರೂಪಿಸಬೇಕಾಗಿದ್ದರಿಂದ ಅದು ತೀರಾ ದುಬಾರಿಯಾಗಿತ್ತು. ವಾಲ್ಟರ್ ಮ್ಯಾಂಡ್ಲರ್ ರೂಪಿಸಿದ ಎಫ್/1 ನೊಕ್ಟಿಲಕ್ಸ್ 1970ರ ದಶಕದ ಮಧ್ಯದಲ್ಲಿ ಆಸ್ಫೆರಿಕ್ ಗಾಜಿಲ್ಲದೆಯೇ ಅದರ ಜಾಗಕ್ಕೆ ಬಂತು. 2008ರ ಎಫ್/0.95 ಆವೃತ್ತಿಯ ತೂಕ ಸುಮಾರು 700 ಗ್ರಾಂ. ಕ್ಯಾಮೆರಾದಷ್ಟೇ ಭಾರ ಮುಂದೆ ತೂಗುತ್ತದೆ, ಒಂದು ಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಫಿಲ್ಮ್ ನಿಧಾನವಾಗಿದ್ದ ದಿನಗಳಲ್ಲಿ ಈ ಲೆನ್ಸ್‌ಗಳಿಂದ ಮಾತ್ರ ಸಾಧ್ಯವಾಗುವ ಚಿತ್ರಗಳಿದ್ದವು. ಇಂದು ಇವನ್ನು ಕೊಳ್ಳುವುದು ಬೆಳಕಿಗಾಗಿ ಅಲ್ಲ, ಹಿನ್ನೆಲೆ ಕರಗುವ ಆ ವಿಶಿಷ್ಟ ನೋಟಕ್ಕಾಗಿ. ಅದು ನಿಮಗೆ ಬೇಕಿದ್ದರೆ ಬೇಕೆಂದೇ ಕೊಳ್ಳಿ, ಕತ್ತಲೆಯ ನೆಪ ಬೇಡ.

ಹಂತ 6: ಪೂರ್ತಿ ತೆರೆದಾಗಿನ ದೋಷಗಳನ್ನು ಪರಿಶೀಲಿಸಿ

ಎಫ್/5.6ರಲ್ಲಿ ಎಲ್ಲ ಲೆನ್ಸ್‌ಗಳೂ ಒಳ್ಳೆಯವೇ. ನೀವು ಕೊಳ್ಳುತ್ತಿರುವುದು ಪೂರ್ತಿ ತೆರೆದ ಅಪರ್ಚರ್‌ಗಾಗಿ ಆದ್ದರಿಂದ ಅಲ್ಲಿಯೇ ಪರೀಕ್ಷಿಸಬೇಕು.

ರೇಂಜ್‌ಫೈಂಡರ್ ಬಳಸುವವರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಫೋಕಸ್ ಶಿಫ್ಟ್. ಗೋಳೀಯ ವಿಪಥನ ಪೂರ್ತಿ ಸರಿಪಡಿಸದ ಲೆನ್ಸ್‌ನಲ್ಲಿ ಅಂಚಿನ ಕಿರಣಗಳು ಮಧ್ಯದ ಕಿರಣಗಳಿಗಿಂತ ಮೊದಲೇ ಕೂಡುತ್ತವೆ. ಅಪರ್ಚರ್ ಕಿರಿದಾಗಿಸಿದಾಗ ಅಂಚಿನ ಕಿರಣಗಳು ತಡೆಯಲ್ಪಟ್ಟು, ಸ್ಪಷ್ಟವಾಗುವ ಜಾಗ ವಸ್ತುವಿನ ಹಿಂದಕ್ಕೆ ಸರಿಯುತ್ತದೆ. ಲೆನ್ಸ್ ಮೂಲಕವೇ ನೋಡುವ ಕ್ಯಾಮೆರಾದಲ್ಲಿ ಅಪರ್ಚರ್ ಇಳಿಸಿಕೊಂಡು ಇದನ್ನು ಕಣ್ಣಾರೆ ಕಂಡು ತಿದ್ದಬಹುದು. ರೇಂಜ್‌ಫೈಂಡರ್‌ಗೆ ಅಪರ್ಚರ್ ಎಷ್ಟಿದೆ ಎಂಬುದೇ ತಿಳಿಯದು. ಸೊನಾರ್ ಮಾದರಿಯ ಲೆನ್ಸ್‌ಗಳಲ್ಲಿ ಇದು ಹೆಚ್ಚು. ಝೈಸ್‌ನ ಈಚಿನ 50 ಮಿ.ಮೀ. ಎಫ್/1.5 ಸಿ ಸೊನಾರ್ ಮೊದಲು ಎಫ್/2.8ಕ್ಕೆ ಸರಿಹೊಂದುವಂತೆ ಹೊಂದಿಸಿ ಬರುತ್ತಿತ್ತು, ಅಂಥದ್ದನ್ನು ಎಫ್/1.5ರಲ್ಲಿ ಬಳಸಿದರೆ ಫೋಕಸ್ ಕಣ್ಣಿನ ಬದಲು ಮೂಗಿನ ತುದಿಯ ಕಡೆ ಜಾರುತ್ತದೆ. ಈ ಲೆನ್ಸನ್ನು ಕೊಳ್ಳುವಾಗ ಅದು ಯಾವ ಅಪರ್ಚರ್‌ಗೆ ಹೊಂದಿಸಿದ್ದು ಎಂದು ಕೇಳಿ ತಿಳಿಯಬೇಕು. 2004ರ 50 ಮಿ.ಮೀ. ಸಮ್ಮಿಲಕ್ಸ್ ಮತ್ತು 2010ರ 35 ಮಿ.ಮೀ. ಸಮ್ಮಿಲಕ್ಸ್‌ಗಳಲ್ಲಿ ಫೋಕಸ್ ದೂರಕ್ಕೆ ತಕ್ಕಂತೆ ಪ್ರತ್ಯೇಕವಾಗಿ ಸರಿಯುವ ಗಾಜಿನ ಗುಂಪು ಇದ್ದು, ಹತ್ತಿರದ ದೂರಗಳಲ್ಲೂ ಬಿಂಬ ಚೊಕ್ಕವಾಗಿರುತ್ತದೆ.

ರಾತ್ರಿಯ ಚಿತ್ರಗಳಲ್ಲಿ ದೀಪಗಳು ಚೌಕಟ್ಟಿನ ಒಳಗೇ ಇರುವುದರಿಂದ ಕೋಮಾ ಮತ್ತು ಫ್ಲೇರ್ (ಲೆನ್ಸ್ ಒಳಗೆ ಬೆಳಕು ಚದುರಿ ಮೂಡುವ ಮಬ್ಬು) ಎರಡೂ ಎದ್ದುಕಾಣುತ್ತವೆ. ಕೋಮಾ ಇದ್ದರೆ ಮೂಲೆಯ ದೀಪದ ಚುಕ್ಕೆಗೆ ರೆಕ್ಕೆ ಮೂಡುತ್ತದೆ. ಲೆನ್ಸನ್ನು ಪರೀಕ್ಷಿಸುವಾಗ ದೂರದ ಒಂಟಿ ದೀಪವೊಂದನ್ನು ಮಧ್ಯದಲ್ಲಿ, ಅಂಚಿನಲ್ಲಿ, ಮೂಲೆಯಲ್ಲಿ ಇರಿಸಿ ಮೂರು ಚಿತ್ರ ತೆಗೆದರೆ ಸಾಕು, ಪರೀಕ್ಷಾ ಪಟಗಳು ಬೇಕಿಲ್ಲ. ರಕ್ಷಣೆಗೆಂದು ಮುಂದೆ ಹಾಕಿದ ಯುವಿ ಫಿಲ್ಟರ್ ದೀಪಗಳ ಮರುಬಿಂಬಗಳನ್ನು ತರುತ್ತದೆ. ರಾತ್ರಿ ಅದನ್ನು ತೆಗೆದಿಟ್ಟು ಹುಡ್ (ಓರೆ ಬೆಳಕು ತಡೆಯಲು ಲೆನ್ಸ್‌ನ ಮುಂದೆ ಹಾಕುವ ಮರೆ) ಹಾಕುವುದು ಒಳ್ಳೆಯದು. ಹುಡ್ ಆರಿಸುವಾಗ ನೋಟಕ್ಕೆ ಅಡ್ಡ ಬಾರದಂತೆ ಕಿಂಡಿ ಬಿಟ್ಟದ್ದನ್ನೇ ಆರಿಸಿ, ಏಕೆಂದರೆ ದೊಡ್ಡ ಲೆನ್ಸ್‌ಗಳು ಹುಡ್ ಇಲ್ಲದೆಯೂ ಚೌಕಟ್ಟಿನ ಬಲಗಡೆಯ ಕೆಳಮೂಲೆಯನ್ನು ಮುಚ್ಚುತ್ತವೆ.

ಹಗಲಿನ ಬಗ್ಗೆಯೂ ಒಂದು ಮಾತು. ಬಹುಪಾಲು ಯಾಂತ್ರಿಕ ಫಿಲ್ಮ್ ಲೈಕಾಗಳ ಗರಿಷ್ಠ ಷಟರ್ ವೇಗ 1/1000. ರಾತ್ರಿಗೆಂದು ಐಎಸ್‌ಒ 400 ಫಿಲ್ಮ್ ತುಂಬಿದ ಕ್ಯಾಮೆರಾದಲ್ಲಿ ಬಿಸಿಲಿನಲ್ಲಿ ಎಫ್/1.4 ಬಳಸಲು ಸಾಧ್ಯವಿಲ್ಲ. ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು. ಕನ್ನಡಿಯ ಮರೆ ಇಲ್ಲದ ಕಾರಣ, ಪೂರ್ತಿ ತೆರೆದ ದೊಡ್ಡ ಲೆನ್ಸನ್ನು ಸೂರ್ಯನ ಕಡೆಗೆ ಮುಖ ಮಾಡಿ ಇಟ್ಟರೆ ಬಟ್ಟೆಯ ಷಟರ್ ಪರದೆ ಸುಟ್ಟು ತೂತಾಗುವುದೂ ಉಂಟು. ಹೊರಗೆ ನಡೆಯುವಾಗ ಮುಚ್ಚಳ ಹಾಕಿ, ಇಲ್ಲವೇ ಅಪರ್ಚರ್ ಕಿರಿದಾಗಿಸಿ.

ಹಂತ 7: ಹಳೆಯ ಲೆನ್ಸ್ ಆದರೆ ಟಾರ್ಚ್ ಹಿಡಿದು ನೋಡಿ

ಅಪರ್ಚರ್ ಪೂರ್ತಿ ತೆರೆದು, ಹಿಂಬದಿಯಿಂದ ಓರೆಯಾಗಿ ಟಾರ್ಚ್ ಬೆಳಕು ಬಿಟ್ಟು ಒಳಗೆ ನೋಡಿ. ಧೂಳಿನ ಕಣಗಳಿಗೆ ಹೆದರಬೇಡಿ. ಹುಡುಕಬೇಕಾದದ್ದು ಗಾಜಿನ ಮೇಲೆ ಉಸಿರು ಬಿಟ್ಟಂತೆ ಹರಡಿದ ಮಬ್ಬು, ಎಳೆಎಳೆಯಾಗಿ ಬೆಳೆದ ಬೂಷ್ಟು, ಅಂಟಿಸಿದ ಗಾಜುಗಳು ಬಿಟ್ಟುಕೊಂಡಾಗ ಅಂಚಿನಲ್ಲಿ ಕಾಣುವ ಕಾಮನಬಿಲ್ಲಿನ ಬಣ್ಣ. ಹಗಲಿನ ಚಿತ್ರದಲ್ಲಿ ಗಮನಕ್ಕೇ ಬಾರದ ಸಣ್ಣ ಮಬ್ಬು ರಾತ್ರಿ ಪ್ರತಿ ದೀಪದ ಸುತ್ತಲೂ ಮಂಜು ಕವಿಸುತ್ತದೆ. ಆದ್ದರಿಂದ ಮಂದ ಬೆಳಕಿಗೆಂದು ಕೊಳ್ಳುವ ಲೆನ್ಸ್‌ನಲ್ಲಿ ಮುಂದಿನ ಗಾಜಿನ ಒಂದು ಗೀರಿಗಿಂತ ಒಳಗಿನ ಮಬ್ಬು ದೊಡ್ಡ ದೋಷ.

ಸೋವಿಯತ್ ಕಾಲದ ಜುಪಿಟರ್-3 ಲೆನ್ಸ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸೊನಾರ್‌ನ ಈ ವಂಶಜ ಎಫ್/1.5 ಲೆನ್ಸ್‌ಗಳಲ್ಲಿ ಅಗ್ಗದ್ದು, ಬಿಂಬವೂ ಸೊಗಸು. ಆದರೆ ಝೈಸ್‌ನ ಕಾಂಟಾಕ್ಸ್ ಮತ್ತು ಲೈಕಾ ಪದ್ಧತಿಗಳು 50 ಮಿ.ಮೀ. ಎಂದು ಕರೆಯುವ ಲೆನ್ಸ್‌ನ ನಿಜವಾದ ಫೋಕಲ್ ಲೆಂತ್ ಒಂದೇ ಅಲ್ಲ. ಲೈಕಾ ತನ್ನ ರೇಂಜ್‌ಫೈಂಡರನ್ನು 51.6 ಮಿ.ಮೀ.ಗೆ ಹೊಂದಿಸಿದೆ, ಜುಪಿಟರ್ ಕಾಂಟಾಕ್ಸ್‌ನ ಪರಂಪರೆಯನ್ನು ಅನುಸರಿಸುತ್ತದೆ. ಹಾಗಾಗಿ ದೂರದಲ್ಲಿ ಸರಿಯಾಗಿರುವ ಲೆನ್ಸ್ ಲೈಕಾ ಮೌಂಟ್‌ನ ಕ್ಯಾಮೆರಾದಲ್ಲಿ ಹತ್ತಿರ ಬಂದಾಗ ತಪ್ಪಬಹುದು. ಒಳಗಿನ ಶಿಮ್ (ಅಂತರ ಹೊಂದಿಸುವ ತೆಳು ಬಳೆ) ಬದಲಿಸಿ ಭಾವಚಿತ್ರದ ದೂರಕ್ಕೆ ಹೊಂದಿಸುವವರಿದ್ದಾರೆ. ಹಾಗೆ ಮಾಡಿದರೆ ದೂರದ ಫೋಕಸ್ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.

ಹಂತ 8: ಕತ್ತಲಲ್ಲಿ ಫೋಕಸ್ ಮಾಡುವ ಕೈಚಳಕ

ರೇಂಜ್‌ಫೈಂಡರ್‌ನ ಎರಡು ಬಿಂಬಗಳು ಅಡ್ಡಡ್ಡವಾಗಿ ಸರಿಯುತ್ತವೆ. ಆದ್ದರಿಂದ ನೆಟ್ಟಗಿನ ಗೆರೆಗಳ ಮೇಲೆ ಫೋಕಸ್ ಸುಲಭ, ಅಡ್ಡಗೆರೆಗಳ ಮೇಲೆ ಅಸಾಧ್ಯ. ಕನ್ನಡಕದ ಅಂಚು, ಕಾಲರಿನ ಗೆರೆ, ಕಣ್ಣಿನಲ್ಲಿ ಹೊಳೆಯುವ ದೀಪದ ಚುಕ್ಕೆ ಇವುಗಳನ್ನು ಹುಡುಕಿ. ಏನೂ ಸಿಗದಿದ್ದರೆ ಕ್ಯಾಮೆರಾವನ್ನು ಓರೆಯಾಗಿ ಹಿಡಿದು ಫೋಕಸ್ ಮಾಡಿ ಮತ್ತೆ ನೇರ ಮಾಡಿ.

ಫೋಕಸ್ ಮಾಡಿದ ಮೇಲೆ ಚೌಕಟ್ಟನ್ನು ಸರಿಸುವುದರಲ್ಲೂ ತಪ್ಪು ನುಸುಳುತ್ತದೆ. ಒಂದು ಮೀಟರ್ ದೂರದ ಮುಖಕ್ಕೆ ಮಧ್ಯದಲ್ಲಿ ಫೋಕಸ್ ಮಾಡಿ, ಕ್ಯಾಮೆರಾವನ್ನು 15 ಡಿಗ್ರಿ ತಿರುಗಿಸಿ ಮುಖವನ್ನು ಅಂಚಿನ ಕಡೆಗೆ ತಂದರೆ, ಸ್ಪಷ್ಟತೆಯ ಸಮತಲ ಮುಖಕ್ಕಿಂತ ಸುಮಾರು 3.4 ಸೆಂ.ಮೀ. ಹಿಂದೆ ಬೀಳುತ್ತದೆ. 50 ಮಿ.ಮೀ. ಎಫ್/1.4ರ ಇಡೀ ಸ್ಪಷ್ಟ ವಲಯವೇ 3.2 ಸೆಂ.ಮೀ. ಎಂಬುದನ್ನು ನೆನೆದರೆ ಇದು ಸಣ್ಣ ತಪ್ಪಲ್ಲ. ಚೌಕಟ್ಟು ಸರಿಸಿದ ಮೇಲೆ ಮೈಯನ್ನು ಒಂದೆರಡು ಬೆರಳಗಲ ಹಿಂದಕ್ಕೆ ವಾಲಿಸುವುದನ್ನು ರೂಢಿ ಮಾಡಿಕೊಳ್ಳಬಹುದು, ಅಥವಾ ದೊಡ್ಡ ಅಪರ್ಚರ್‌ನಲ್ಲಿ ಮುಖವನ್ನು ಮಧ್ಯಕ್ಕೆ ಹತ್ತಿರವೇ ಇಟ್ಟುಕೊಳ್ಳಬಹುದು.

ಹಂತ 9: ಲೆನ್ಸ್ ಮತ್ತು ಕ್ಯಾಮೆರಾ ಹೊಂದುತ್ತವೆಯೇ ಎಂದು ಪರೀಕ್ಷಿಸಿ

ಲೆನ್ಸ್ ಕೈಗೆ ಬಂದ ಮೊದಲ ದಿನವೇ, ಹಿಂದಿರುಗಿಸುವ ಅವಕಾಶ ಇರುವಾಗಲೇ, ಈ ಪರೀಕ್ಷೆ ಮಾಡಿ. ಮೊದಲು ಬಹಳ ದೂರದ ಕಂಬ ಅಥವಾ ಕಟ್ಟಡದ ಅಂಚನ್ನು ನೋಡಿ. ಫೋಕಸ್ ರಿಂಗ್ ಅನಂತದ ಗುರುತಿಗೆ ತಾಗಿ ನಿಂತಾಗ ಎರಡು ಬಿಂಬಗಳೂ ಕೂಡಿರಬೇಕು. ನಂತರ ಒಂದು ಅಳತೆಪಟ್ಟಿಯನ್ನು 45 ಡಿಗ್ರಿ ಓರೆಯಾಗಿ ಇಟ್ಟು, ನಡುವಿನ ಗುರುತಿನ ಪಕ್ಕದಲ್ಲಿ ನೆಟ್ಟಗಿನ ಗೆರೆ ಇರುವ ಒಂದು ಕಾಗದವನ್ನು ನಿಲ್ಲಿಸಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಒಂದು ಮೀಟರ್ ದೂರದಲ್ಲಿಟ್ಟು ಪೂರ್ತಿ ತೆರೆದ ಅಪರ್ಚರ್‌ನಲ್ಲಿ ತೆಗೆಯಿರಿ. ಪ್ರತಿ ಬಾರಿಯೂ ಫೋಕಸ್ ಕದಲಿಸಿ ಹೊಸದಾಗಿ ಹೊಂದಿಸುತ್ತ ಹಲವು ಚಿತ್ರಗಳನ್ನು ತೆಗೆಯಬೇಕು, ಏಕೆಂದರೆ ಒಂದೇ ಚಿತ್ರದಲ್ಲಿ ಕಂಡ ತಪ್ಪು ನಿಮ್ಮ ಕಣ್ಣಿನದ್ದೂ ಆಗಿರಬಹುದು. ಪಟ್ಟಿ ಓರೆಯಾಗಿರುವುದರಿಂದ 3.2 ಸೆಂ.ಮೀ. ವಲಯ ಅದರ ಮೇಲೆ ಸುಮಾರು 4.5 ಸೆಂ.ಮೀ. ಉದ್ದವಾಗಿ ಕಾಣುತ್ತದೆ, ಅದು ನಡುವಿನ ಗುರುತಿನ ಎರಡೂ ಬದಿಗೆ ಹೆಚ್ಚುಕಡಿಮೆ ಸಮನಾಗಿ ಹರಡಿದ್ದರೆ ಎಲ್ಲವೂ ಸರಿಯಿದೆ. ಇದೇ ಚಿತ್ರವನ್ನು ಎಫ್/2, ಎಫ್/2.8 ಮತ್ತು ಎಫ್/4ರಲ್ಲಿ ತೆಗೆದರೆ ಫೋಕಸ್ ಶಿಫ್ಟ್ ಎಷ್ಟಿದೆ ಎಂಬುದೂ ತಿಳಿಯುತ್ತದೆ.

ತಪ್ಪು ಕಂಡರೆ ಅದು ಯಾವುದರದ್ದು ಎಂದು ನಿರ್ಧರಿಸಲು ಇನ್ನೊಂದು ಲೆನ್ಸ್ ಬೇಕು. ಎಲ್ಲ ಲೆನ್ಸ್‌ಗಳೂ ಒಂದೇ ದಿಕ್ಕಿಗೆ ತಪ್ಪುತ್ತಿದ್ದರೆ ದೋಷ ಕ್ಯಾಮೆರಾದ್ದು. ಒಂದೇ ಲೆನ್ಸ್ ತಪ್ಪುತ್ತಿದ್ದರೆ ಲೆನ್ಸ್‌ನದ್ದು. ಒಂದು ಲೆನ್ಸ್‌ನ ತಪ್ಪಿಗೆ ಕ್ಯಾಮೆರಾದ ರೇಂಜ್‌ಫೈಂಡರನ್ನು ತಿದ್ದಿಸಬೇಡಿ, ಆ ಲೆನ್ಸ್ ಸರಿಹೋಗಿ ಉಳಿದವೆಲ್ಲ ಕೆಡುತ್ತವೆ. ಈಚಿನ ಕೆಲವು ಅಗ್ಗದ ಎಫ್/1.1 ಮತ್ತು ಎಫ್/0.95 ಲೆನ್ಸ್‌ಗಳಲ್ಲಿ ಈ ಹೊಂದಾಣಿಕೆಯನ್ನು ನೀವೇ ಮಾಡಿಕೊಳ್ಳಲು ಸಣ್ಣ ತಿರುಪುಗಳಿರುತ್ತವೆ. ಅಂಥ ಅನುಕೂಲ ಇಲ್ಲದಿದ್ದರೆ ಲೆನ್ಸ್ ಮತ್ತು ಕ್ಯಾಮೆರಾ ಎರಡನ್ನೂ ಒಟ್ಟಿಗೆ ತಂತ್ರಜ್ಞರ ಬಳಿ ಒಯ್ಯಬೇಕು. ಪರೀಕ್ಷೆಯ ಚಿತ್ರಗಳನ್ನು ಜೊತೆಗೆ ಕೊಟ್ಟು, ನೀವು ಹೆಚ್ಚಾಗಿ ಬಳಸುವ ಅಪರ್ಚರ್ ಮತ್ತು ದೂರವನ್ನು ಬರೆದುಕೊಟ್ಟು, ಆ ಎರಡಕ್ಕೇ ಹೊಂದಿಸಿಕೊಡುವಂತೆ ಕೇಳಿ.